ಕಣ್ಣಳತೆಯಮ್ಮನ ಅಳತೆ

ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ, ಪರದೆಯ ಆಚೆಗೆ ಹೆಂಗಸರ ಒಳಉಡುಪಿನ ಕೌಂಟರು. ಅಲ್ಲಿ ನಿಲ್ಲುವವಳಿಗೆ ಹೆತ್ತವರು ಇಟ್ಟ ಹೆಸರೇನು ಅನ್ನುವುದು ಅಂಗಡಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಕಣ್ಣಳತೆಯಮ್ಮ ಅಂದರೆ ಮುಗಿಯಿತು. ಗಿರಾಕಿ ಪರದೆ ಸರಿಸಿ ಒಳಗೆ ಕಾಲಿಡುವಷ್ಟರಲ್ಲಿ ಇವಳ ಕಣ್ಣು ಅವಳ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದಿರುತ್ತಿತ್ತು. ಆ ಹೆಂಗಸು ಸಂಕೋಚದಿಂದ, “ಅದೇ... ಒಂದು...” ಎಂದು ಎಳೆಯುತ್ತಿರುವಾಗಲೇ ಮೂವತ್ತಾರರ ಡಬ್ಬ ಕೌಂಟರಿನ ಮೇಲೆ ಬಿದ್ದಿರುತ್ತಿತ್ತು.

“ತಗೊಳ್ಳಿ. ಆಗ್ಲಿಲ್ಲ ಅಂದ್ರೆ ವಾಪಸ್ ತನ್ನಿ. ನಾನೆಲ್ಲಿ ಓಡಿಹೋಗ್ತೀನಿ, ಇಲ್ಲೇ ಸಾಯ್ತಿರ್ತೀನಿ.”

ಟೇಪು ಮುಟ್ಟಿದವಳೇ ಅಲ್ಲ. ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಇಲ್ಲದವರು ಟೇಪು ಹಿಡಿಯುತ್ತಾರೆ ಅನ್ನುವುದು ಅವಳ ವಾದ. ಇಷ್ಟು ಹೆಸರು ಮಾಡಿದವಳಿಗೆ ಇನ್ನೇನು ಚಿಂತೆ ಅಂತೀರಾ? ಇರಿ, ಹೇಳಿಬಿಡುತ್ತೇನೆ. ಮುಚ್ಚಿಟ್ಟು ಮುಚ್ಚಿಟ್ಟು ಕೊನೆಗೆ ಬಿಚ್ಚುವ ಆಟ ನನಗೆ ಆಗಿಬರುವುದಿಲ್ಲ.

ಅವಳಿಗೆ ಎಡಗಡೆಯ ಮೊಲೆ ಇರಲಿಲ್ಲ.

ಕೆಲವು ವರ್ಷದ ಹಿಂದೆ ಗಂಟು ಕಾಣಿಸಿ, ಡಾಕ್ಟರು ತೆಗೆಯಲೇಬೇಕು ಅಂದು, ತೆಗೆದಿದ್ದರು. ಜೀವ ಉಳಿಯಿತು. ಅಂಗಡಿಯಲ್ಲಿ ಮಾತ್ರ ಗರ್ಭಕೋಶದ ಆಪರೇಷನ್ ಎಂದು ಹೇಳಿ ರಜೆ ಹಾಕಿದ್ದಳು. ಆ ಶಬ್ದ ಕಿವಿಗೆ ಬಿದ್ದರೆ ಯಾವ ಯಜಮಾನನೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ, ಇವರೂ ಕೇಳಲಿಲ್ಲ. ವಾಪಸು ಬಂದವಳ ಎಡಗಡೆಯಲ್ಲಿ ಒಂದು ಬಟ್ಟೆಯ ಚೀಲ ಇತ್ತು. ಅದರೊಳಗೆ ಸಾಸಿವೆ.

ಚೀಲ ಹೊಲಿದವನು ಅವಳ ಗಂಡ. ಬಸ್ಸು, ಕಾರುಗಳ ಸೀಟು ಹೊಲಿಯುವುದು ಅವನ ಕಸುಬು. ಮೊದಲು ಹತ್ತಿ ತುಂಬಿದ. ಗಾಳಿಗೆ ಹಾರುವ ಹಾಗಾಯಿತು. ಸ್ಪಂಜು ಇಟ್ಟ; ಮೇಲೆದ್ದು ಕುತ್ತಿಗೆಯ ಹತ್ತಿರ ಬಂದು ಕೂತಿತು. ತೂಕ ಬೇಕು ಕಣೇ, ತೂಕ ಇಲ್ಲದ್ದು ಕೂತಲ್ಲಿ ಕೂರಲ್ಲ ಅಂದ. ಕೊನೆಗೆ ಅಡುಗೆಮನೆಯ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಅವಳನ್ನು ಬಾಗಿಸಿ, ಬಲಗಡೆಯದನ್ನು ತಟ್ಟೆಯಲ್ಲಿ ಇರಿಸಿ ತೂಗಿದ. ಆಪರೇಷನ್ ಆದಮೇಲೆ ಗಂಡ ಹೆಂಡತಿ ನಕ್ಕಿದ್ದು ಅವತ್ತೇ ಮೊದಲು. “ಸ್ವಲ್ಪ ಕಮ್ಮಿ ಮಾಡ್ಕೊಡಿ ಸಾಹುಕಾರ್ರೇ” ಎಂದು ಅವಳು ಚೌಕಾಸಿ ಮಾಡಿದ್ದಳು.

ನಗು ಮನೆಯೊಳಗೆ. ಅಂಗಡಿಯಲ್ಲಿ ಹಗಲಿಡೀ ಭಯ. ಎಡಗೈ ಮೇಲೆತ್ತಿದರೆ ಬ್ರಾ ಹಿಂದುಗಡೆ ಏರುತ್ತಿತ್ತು, ಅದರ ಜೊತೆಗೆ ಚೀಲವೂ ಏರುತ್ತಿತ್ತು. ಹಾಗಾಗಿ ಏಣಿ ಹತ್ತುವುದನ್ನೇ ಬಿಟ್ಟಳು. ಮೇಲಿನ ಕಪಾಟಿನ ಡಬ್ಬ ಬೇಕಾದರೆ, “ಮಂಡಿ ನೋವು ಕಣೇ, ನೀನು ಹತ್ತು” ಎಂದು ಜೊತೆಯ ಹುಡುಗಿಯನ್ನು ಹತ್ತಿಸುತ್ತಿದ್ದಳು. ಆ ಹುಡುಗಿಗೆ ಗಿಣಿ ಎಂದು ಹೆಸರು. ಬೆಳಿಗ್ಗೆ ಶಟರ್ ಎತ್ತುವಾಗ ತೆರೆದ ಬಾಯಿ, ಶಟರ್ ಇಳಿಸುವಾಗಲೂ ಮುಚ್ಚುತ್ತಿರಲಿಲ್ಲ. ಮಾತಿನ ನಡುವೆ ಆಗಾಗ ಕಣ್ಣಳತೆಯಮ್ಮ ಕೈಯನ್ನು ಎದೆಯ ಮೇಲಿಟ್ಟು ಸದ್ದಿಲ್ಲದೆ ಕೆಳಗೆ ಒತ್ತಿಕೊಳ್ಳುತ್ತಿದ್ದಳು. ನೋಡಿದವರು ಪಾಪ, ಗ್ಯಾಸ್ಟ್ರಿಕ್ ಇರಬೇಕು ಅಂದುಕೊಳ್ಳುತ್ತಿದ್ದರು.

ಇಷ್ಟು ಹೆದರಿಕೆ ಯಾಕೆ ಅಂದರೆ, ಅದಕ್ಕೂ ಕಾರಣ ಇತ್ತು. ಹಿಂದೆ ಇದೇ ಕೌಂಟರಿನಲ್ಲಿ ಇವಳ ಜೊತೆ ಒಬ್ಬಳು ಇದ್ದಳು. ಸ್ಟೌ ಸಿಡಿದು ಕೈ, ಕುತ್ತಿಗೆ ಸುಟ್ಟಿತ್ತು. ಯಜಮಾನರು ಕೆಟ್ಟವರಲ್ಲ. ಬಹಳ ಮರುಕದಿಂದಲೇ, “ಗಿರಾಕಿಗಳ ಮನಸ್ಸಿಗೆ ಒಂಥರಾ ಆಗುತ್ತಮ್ಮ. ನೀವು ಕೆಳಗೆ ಗೋದಾಮಲ್ಲಿ ಆರಾಮಾಗಿರಿ” ಎಂದರು. ಗೋದಾಮಿನಲ್ಲಿ ಕಿಟಕಿ ಇಲ್ಲ. ಅವಳು ಅಲ್ಲಿ ಹೆಚ್ಚು ದಿನ ಉಳಿಯಲಿಲ್ಲ, ಎಲ್ಲಿಗೆ ಹೋದಳೋ ಯಾರೂ ಕೇಳಲಿಲ್ಲ. ಒಂದು ಮೊಲೆಯವಳ ಹತ್ತಿರ ಬ್ರಾ ಕೊಳ್ಳಲು ಯಾರು ಬಂದಾರು? ಈ ಪ್ರಶ್ನೆ ಕಣ್ಣಳತೆಯಮ್ಮನ ತಲೆಯಲ್ಲಿ ಜಿಗಣೆಯ ಹಾಗೆ ಹಿಡಿದುಕೊಂಡಿತ್ತು. ಅದಕ್ಕಿಂತ ಹೆಚ್ಚಾಗಿ, “ಅಯ್ಯೋ ಪಾಪ” ಎನ್ನುವ ದನಿ ಅವಳಿಗೆ ಆಗುತ್ತಿರಲಿಲ್ಲ. ಬೇಕಾದರೆ ನಾಲ್ಕು ಬೈದುಬಿಡಿ, ಸಹಿಸುತ್ತಾಳೆ, ಪಾಪ ಅನ್ನಬೇಡಿ.

ಯಜಮಾನರಿಗೆ ತಾವು ಮಾರುವ ಸರಕಿನ ಹೆಸರು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಕೌಂಟರು ಎಡಗಡೆ ಇದ್ದದ್ದರಿಂದ “ಎಡಗಡೆ ಮಾಲು” ಎನ್ನುತ್ತಿದ್ದರು. ದಿನಾ ಬೆಳಿಗ್ಗೆ, “ಏನಮ್ಮ, ಎಡಗಡೆ ಮಾಲು ಹೇಗಿದೆ?” ಎಂದು ಅವರು ಕೇಳಿದಾಗಲೆಲ್ಲ ಇವಳ ಎದೆ ಧಸಕ್ಕೆನ್ನುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈ ತಾನಾಗಿ ಎಡಕ್ಕೆ ಹೋಗುತ್ತಿತ್ತು.

ಅವತ್ತೂ ಹಾಗೇ ಬಂದರು. ಪರದೆಯ ಆಚೆಯೇ ನಿಂತು, ಗೋಡೆ ನೋಡುತ್ತಾ, “ಎಡಗಡೆ ಮಾಲಿನ ಕಂಪನಿಯಿಂದ ಒಬ್ಬ ಮೇಡಂ ಬರ್ತಾರಂತಮ್ಮ ಗುರುವಾರ” ಎಂದರು. “ಅಳತೆ ತಗೊಳ್ಳೋದು ಹೇಗೆ ಅಂತ ಹೇಳಿಕೊಡ್ತಾರಂತೆ. ನಮ್ಮ ಅಂಗಡಿಯಿಂದ ಮಾಲು ಜಾಸ್ತಿ ವಾಪಸ್ ಹೋಗ್ತಿದೆಯಂತೆ.”

“ನನಗಾ ಅಳತೆ ಹೇಳಿಕೊಡೋದು?”

“ಅಯ್ಯೋ, ನಿಮಗಲ್ಲಮ್ಮ. ಹುಡುಗೀರಿಗೆ. ಆದ್ರೆ ಒಬ್ಬರು ಮುಂದೆ ನಿಲ್ಬೇಕಂತೆ, ಅವರ ಮೈಮೇಲೆ ಅಳೆದು ತೋರಿಸೋಕೆ. ಸೀನಿಯರ್ ಅಂದ್ರೆ ನೀವೇ ತಾನೆ?” ಯಜಮಾನರ ಕಿವಿ ಕೆಂಪಾಯಿತು. “ಮೇಲೆ ಈ ಅಂಗಡಿ ಯೂನಿಫಾರಂ ಕೋಟು ಹಾಕ್ಕೊಂಡಿರಬಾರದಂತೆ. ತೆಳ್ಳಗಿನ ಬಟ್ಟೆ. ಒಳಗೂ ಅದೇನೋ... ಸ್ಪಂಜು ಗಿಂಜು ಇರೋದು ಬೇಡವಂತೆ. ನನಗೇನೂ ಗೊತ್ತಿಲ್ಲಮ್ಮ, ಫೋನಲ್ಲಿ ಹೇಳಿದ್ರು, ನಾನು ಹೇಳಿದೆ.” ಹೇಳಿದವರೇ ಮೆಟ್ಟಿಲು ಇಳಿದು ಓಡಿದರು.

“ಅಕ್ಕ, ಟೀವಿಯಲ್ಲಿ ತೋರಿಸ್ತಾರಲ್ಲ ಹಾಗೆ ನಿಲ್ತೀಯಾ ನೀನು?” ಎಂದು ಗಿಣಿ ಕೇಕೆ ಹಾಕಿ ನಕ್ಕಳು. “ಬಾಯಿ ಮುಚ್ಚೇ” ಎಂದು ಗದರಿ, ಕಣ್ಣಳತೆಯಮ್ಮ ಬೇಡದ ಡಬ್ಬಗಳನ್ನು ತೆಗೆದು ಮತ್ತೆ ಅಲ್ಲಿಯೇ ಜೋಡಿಸಿದಳು.

ಆ ಹೊತ್ತಿಗೇ ಆ ಶಾಲಿನ ಹೆಂಗಸು ಬಂದದ್ದು. ಸೆಕೆಯಲ್ಲೂ ದಪ್ಪ ಶಾಲು ಹೊದ್ದಿದ್ದಳು. ಭುಜದ ಚೀಲವನ್ನು ಬಲಗಡೆಯ ಎದೆಗೆ ಒತ್ತಿ ಹಿಡಿದಿದ್ದಳು. ಪರದೆ ದಾಟಿದವಳು ಗೋಡೆಗೆ ಅಂಟಿಕೊಂಡು ನಿಂತಳು. ಕಣ್ಣಳತೆಯಮ್ಮನಿಗೆ ಒಂದೇ ನೋಟ ಸಾಕಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಆ ಚೀಲ ಹಿಡಿದ ರೀತಿ, ಬಲಭುಜ ಒಂಚೂರು ಮುಂದಕ್ಕೆ ಬಾಗಿದ್ದು, ಎಲ್ಲಾ ಇವಳದೇ ನಡಿಗೆ, ಇವಳದೇ ನಿಲುವು.

“ನನಗೆ ಒಂದು...” ಎಂದಳು ಆ ಹೆಂಗಸು. “ಒಳಗೆ ಏನಾದ್ರೂ ಇಟ್ಕೊಳ್ಳೋ ಥರದ್ದು ಸಿಗುತ್ತಾ? ರಜಾ ಮುಗೀತು. ಶುಕ್ರವಾರದಿಂದ ಶಾಲೆಗೆ ಹೋಗ್ಬೇಕು. ಬೋರ್ಡಿನ ಮೇಲೆ ಬರೆಯೋಕೆ ಕೈ ಎತ್ತಬೇಕಲ್ಲ...” ದನಿ ಅಲ್ಲಿಗೇ ನಿಂತಿತು.

“ಏನ್ ಇಟ್ಕೊಳ್ಳೋ ಥರದ್ದು?” ಎಂದು ಗಿಣಿ ಕೊರಳು ಚಾಚಿದಳು.

ಕಣ್ಣಳತೆಯಮ್ಮನ ಜೀವ ಬಾಯಿಗೆ ಬಂತು. ಈ ಹೆಂಗಸಿನ ಜೊತೆ ಒಂದು ಮಾತು ಮುಂದುವರಿದರೆ ಗಿಣಿಯ ಕಣ್ಣು ಇಬ್ಬರ ಮೇಲೂ ಓಡಾಡುತ್ತದೆ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಕುರುಡನಿಗೂ ತಿಳಿಯುತ್ತದೆ. “ನಿಮ್ಮ ಸೈಜಿಲ್ಲ” ಎಂದುಬಿಟ್ಟಳು. ಮುಖ ಎತ್ತಲೂ ಇಲ್ಲ. “ಹೊಸ ಮಾಲು ಬಂದ್ಮೇಲೆ ನೋಡೋಣ.”

ಆ ಹೆಂಗಸು ಸರಿ ಎಂದು ತಲೆಯಾಡಿಸಿ ಹೋದಳು. ಮೆಟ್ಟಿಲ ಪಕ್ಕದ ಕಿಟಕಿಯಿಂದ ನೋಡಿದರೆ ಎದುರಿನ ಬಸ್ ಸ್ಟಾಪಿನಲ್ಲಿ ನಿಂತಿದ್ದಳು, ಚೀಲವನ್ನು ಹಾಗೇ ಅವುಚಿಕೊಂಡು. ಮರುದಿನ ಸಂಜೆಯೂ ಅಲ್ಲೇ ಇದ್ದಳು; ದಿನಾ ಆಸ್ಪತ್ರೆಗೆ ಬಂದು ಅದೇ ಬಸ್ಸಿಗೆ ಹೋಗುತ್ತಿರಬೇಕು. ಥೂ, ನನ್ನ ಬಾಯಿಗಿಷ್ಟು ಎಂದು ಕಣ್ಣಳತೆಯಮ್ಮ ತನ್ನನ್ನೇ ಬೈದುಕೊಂಡಳು. ಬೈದುಕೊಂಡು ಏನು ಬಂತು? ಕೆಳಗಿಳಿದು ಹೋಗಲಿಲ್ಲವಲ್ಲ.

ಮನೆಗೆ ಹೋಗಿ ಗಂಡನಿಗೆ ವಿಷಯ ಹೇಳಿದಳು. ಅವನು ಯಾವುದೋ ಸೀಟಿನ ಹೊದಿಕೆಗೆ ಜಿಪ್ಪು ಕೂಡಿಸುತ್ತಾ ಕೂತಿದ್ದ.

“ಹೇಳಿಬಿಡು” ಎಂದ.

“ಹೇಳಿ ಗೋದಾಮಿಗೆ ಹೋಗ್ಲಾ?”

“ಹಾಗಾದ್ರೆ ಹುಷಾರಿಲ್ಲ ಅಂತ ರಜಾ ಹಾಕು.”

“ನಾನಿಲ್ದೇ ಇದ್ರೆ ಶುಕ್ರವಾರಕ್ಕೆ ಕರೀತಾರೆ. ಶುಕ್ರವಾರ ಇಲ್ದೇ ಇದ್ರೆ ಶನಿವಾರಕ್ಕೆ. ನಿಮಗೇನ್ರೀ, ನಿಮ್ಮ ಸೀಟುಗಳು ಬಾಯಿ ಬಿಡಲ್ಲ.” ಅವಳಿಗೆ ಅಳು ಬಂತು. “ಆ ಟೇಪ್ ಇಟ್ರೆ ಏನು ಗೊತ್ತಾಗುತ್ತೆ, ಏನು ಗೊತ್ತಾಗಲ್ಲ, ಅದಾದ್ರೂ ನೋಡೋಣ. ಎದ್ದೇಳಿ, ಅಳೀರಿ ನನ್ನ.”

ಊರ ಹೆಂಗಸರ ಅಳತೆಯೆಲ್ಲ ಬಾಯಿಪಾಠ ಇದ್ದವಳು ತನ್ನ ಮೈಗೆ ಟೇಪು ಸುತ್ತಿಸಿಕೊಂಡದ್ದು ಅದೇ ಮೊದಲು. ದೀಪದ ಬುಡದಲ್ಲಿ ಕತ್ತಲು ಅಂತ ಸುಮ್ಮನೆ ಹೇಳುತ್ತಾರಾ? ಅಡುಗೆಮನೆಯ ಬಾಗಿಲು ಹಾಕಿ, ಒಂದು ಒಳಬಟ್ಟೆಯಲ್ಲಿ ನಿಂತಳು. ಗಂಡ ತನ್ನ ಕಬ್ಬಿಣದ ಟೇಪು ತಂದ. ಅದು ಮುಟ್ಟಿದ್ದೇ ತಡ, “ಅಯ್ಯಮ್ಮಾ, ತಣ್ಣಗೆ! ನಾನೇನು ಲಾರಿ ಸೀಟಾ?” ಎಂದು ಹಾರಿಬಿದ್ದಳು. ಅವನು ಹೋಗಿ ಬಟ್ಟೆಯ ಟೇಪು ಹುಡುಕಿ ತಂದ.

ಮೊದಲು ಎದೆಯ ಕೆಳಗೆ ಸುತ್ತಿದ. “ಮೂವತ್ತನಾಲ್ಕು.”

“ಸುಳ್ಳು. ನಾನು ಮೂವತ್ತೆಂಟು ಹಾಕೋದು.”

“ಟೇಪ್ ಯಾಕೆ ನಿನ್ನ ಹತ್ರ ಸುಳ್ಳು ಹೇಳುತ್ತೆ? ನೋಡು ನೀನೇ.” ಬಾಗಿ ನೋಡಿದಳು. ಮೂವತ್ತನಾಲ್ಕೇ.

ಆಮೇಲೆ ಮೇಲೆ. ಚೀಲ ಇಟ್ಟು ಅಳೆದರೆ ಒಂದು ಸಂಖ್ಯೆ, ಚೀಲ ಒಂಚೂರು ಜರುಗಿದರೆ ಇನ್ನೊಂದು, ಚೀಲ ತೆಗೆದರೆ ಮತ್ತೊಂದು. ಮೂರು ಸಲ ಅಳೆದರೂ ಮೂರು ಬೇರೆ ಬೇರೆ. ನೋಡಿದಿರಾ, ಇದೇ, ಇಲ್ಲೇ ಸಿಕ್ಕಿಬೀಳುವುದು ಎಂದಳು.

ಗಂಡ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಯೋಚಿಸಿದ. “ಒಂದು ಕಡೆ ಹರಿದುಹೋಗಿರೋ ಸೀಟು ಬಂದ್ರೆ ನಾವು ಹರಿದ ಕಡೆ ಅಳೆಯಲ್ಲ” ಎಂದ. “ಚೆನ್ನಾಗಿರೋ ಕಡೆ ಅರ್ಧ ಅಳೀತೀವಿ. ಬಟ್ಟೆ ಮಡಿಚಿ ಡಬಲ್ ಕತ್ತರಿಸ್ತೀವಿ.” ಬೆನ್ನುಮೂಳೆಯ ಮೇಲೆ ಬೆರಳಿಟ್ಟು, ಟೇಪನ್ನು ಬಲಗಡೆಯಿಂದ ಸುತ್ತಿ ತಂದು ಎದೆಯ ನಡುಮೂಳೆಗೆ ಸೇರಿಸಿದ. “ಹತ್ತೊಂಬತ್ತು. ಎರಡರಷ್ಟು ಮೂವತ್ತೆಂಟು. ಇದು ನಿನ್ನ ಅಳತೆ.”

ಅಳತೆ ಗೊತ್ತಾಯಿತು, ಭಯ ಹೋಗಲಿಲ್ಲ. ಸಂಖ್ಯೆ ಸರಿಯಿದ್ದರೆ ಕೈಗೆ ತಿಳಿಯುವುದಿಲ್ಲವೇ? ಚೀಲವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸರ್ ಸರ್ ಎಂದಿತು. ಇಷ್ಟು ವರ್ಷ ಕೇಳಿಸದ ಆ ಸದ್ದು ಅವತ್ತಿನಿಂದ ಹೆಜ್ಜೆ ಹೆಜ್ಜೆಗೂ ಕೇಳಿಸತೊಡಗಿತು. ಬಸ್ಸಿನಲ್ಲಿ ಪಕ್ಕದವಳು ತಿರುಗಿದರೂ ಸಾಸಿವೆಯ ಸದ್ದಿಗೇ ತಿರುಗಿದಳು ಎನ್ನಿಸುತ್ತಿತ್ತು. ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಯಾರೋ ಕೋಟು ಬಿಚ್ಚಿದ ಹಾಗೆ, ಕೌಂಟರಿನ ಮೇಲೆಲ್ಲ ಸಾಸಿವೆ ಉರುಳಿದ ಹಾಗೆ. ಗಂಡ ಚೀಲಕ್ಕೆ ಇನ್ನೊಂದು ಪದರ ಬಟ್ಟೆ ಹೊಲಿದುಕೊಟ್ಟ. ಸದ್ದು ಕಮ್ಮಿಯಾಯಿತು. ಅವಳ ಕಿವಿಗೆ ಆಗಲಿಲ್ಲ.

ಗುರುವಾರ ಬಂದೇ ಬಂತು. ಬರಬೇಡ ಅಂದರೆ ನಿಲ್ಲುತ್ತದೆಯೇ?

ಕಂಪನಿಯ ಮೇಡಂ ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು. ಕುತ್ತಿಗೆಯಲ್ಲಿ ಹಳದಿ ಟೇಪು. ಬಂದವಳೇ ಹೆಂಗಸರ ವಿಭಾಗದ ಪರದೆ ಎಳೆಸಿ, ಗಿರಾಕಿಗಳನ್ನು ಸ್ವಲ್ಪ ಹೊತ್ತು ಕೆಳಗೆ ಕೂರಿಸಿ ಎಂದು ಯಜಮಾನರಿಗೆ ಅಪ್ಪಣೆ ಮಾಡಿದಳು. ಬೇರೆ ಕೌಂಟರಿನ ಇಬ್ಬರು ಹುಡುಗಿಯರು, ಗಿಣಿ, ಕಣ್ಣಳತೆಯಮ್ಮ ಸಾಲಾಗಿ ನಿಂತರು.

“ಯಾರು ನಿಲ್ತೀರಿ?”

ಕಣ್ಣಳತೆಯಮ್ಮ ಮೈಯೆಲ್ಲ ಕಿವಿಯಾಗಿ ಕಾದಿದ್ದ ಪ್ರಶ್ನೆ. ರಾತ್ರಿಯೇ ಉತ್ತರ ಹೊಂಚಿಟ್ಟಿದ್ದಳು. “ವಯಸ್ಸಾದೋರ ಮೈ ಅಳೆದು ಏನು ಕಲೀತಾರೆ ಮೇಡಂ? ಈ ಗಿಣಿ ಇದಾಳಲ್ಲ, ಚಿಕ್ಕವಳು, ಇವಳು ನಿಲ್ಲಲಿ” ಎಂದು ಹುಡುಗಿಯ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಉಸಿರು ಬಿಡುವಷ್ಟರಲ್ಲಿ, ಗಿಣಿ ಅವಳ ತೋಳನ್ನು ಹಿಡಿದುಕೊಂಡಳು. ಬಾಯಿಬಡುಕಿಯ ಬಾಯಿಂದ ಮಾತೇ ಹೊರಡುತ್ತಿಲ್ಲ. ಮುಖ ಬಿಳಿಚಿಕೊಂಡಿತ್ತು.

“ಒಂದು ನಿಮಿಷ ಮೇಡಂ, ಕೋಟು ಬಿಚ್ಚಿ ಬರ್ತಾಳೆ” ಎಂದು ಕಣ್ಣಳತೆಯಮ್ಮ ಅವಳನ್ನು ಟ್ರಯಲ್ ರೂಮಿಗೆ ಎಳೆದುಕೊಂಡು ಹೋಗಿ ಚಿಲಕ ಹಾಕಿದಳು. “ಏನಾಯ್ತೇ ನಿನಗೆ?”

“ಅಕ್ಕ, ನನ್ನಿಂದ ಆಗಲ್ಲ.” ಗಿಣಿಯ ಕಣ್ಣಲ್ಲಿ ನೀರು. “ನಾನು... ಕರ್ಚೀಫ್ ಇಟ್ಕೊಂಡಿದೀನಿ.”

“ಎಲ್ಲಿ?”

“ಎರಡೂ ಕಡೆ. ನನಗೆ ಏನೂ ಇಲ್ಲ ಅಕ್ಕ. ಶಾಲೆಯಲ್ಲಿ ಹುಡುಗರು ಇಸ್ತ್ರಿ ಪೆಟ್ಟಿಗೆ ಅಂತಿದ್ರು. ಅವತ್ತಿಂದ ಇಟ್ಕೋತೀನಿ. ಕೋಟು ಬಿಚ್ಚಿದ್ರೆ ಎಲ್ಲಾ ಗೊತ್ತಾಗುತ್ತೆ. ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ನನ್ನ ನಿಲ್ಲಿಸಬೇಡ.”

ಕಣ್ಣಳತೆಯಮ್ಮ ಅವಳನ್ನೇ ನೋಡಿದಳು. ಇಷ್ಟು ದಿನ ಪಕ್ಕದಲ್ಲೇ ನಿಂತಿದ್ದವಳನ್ನು ಮೂವತ್ತೆರಡು ಎಂದು ತೀರ್ಮಾನಿಸಿ ಸುಮ್ಮನಿದ್ದಳಲ್ಲ! ಎಂಥಾ ಕಣ್ಣು, ಎಂಥಾ ಅಳತೆ! ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ನಗುವಿನ ಬೆನ್ನಿಗೇ ನಾಚಿಕೆ. ತಾನು ಹೆದರಿದ್ದ ಗುಂಡಿಗೆ ಈ ಮಗುವನ್ನು ತಳ್ಳಲು ಹೊರಟಿದ್ದಳು. ಸೆರಗಿನಲ್ಲಿ ಕೆಂಡ ಇಟ್ಟುಕೊಂಡವಳಿಗೆ ಅದರ ಬಿಸಿ ಗೊತ್ತಿರಬೇಡವೇ?

“ಅಳಬೇಡ. ಮೂಗು ಒರೆಸಿಕೋ. ಕರ್ಚೀಫಿಗೇನು ಬರ ನಿನಗೆ?” ಎಂದು ಗದರಿ, ತನ್ನ ಕೋಟಿನ ಗುಂಡಿ ತಾನೇ ಬಿಚ್ಚಿ ಹೊರಗೆ ಬಂದಳು.

“ಹುಡುಗಿಗೆ ತಲೆ ಸುತ್ತುತ್ತಂತೆ ಮೇಡಂ. ನನ್ನೇ ಅಳೀರಿ.” ಹೇಳಿದ್ದು ಗಟ್ಟಿಯಾಗಿಯೇ.

ಮೇಡಂ ಎದೆಯ ಕೆಳಗೆ ಟೇಪು ಸುತ್ತಿದಳು. “ಮೂವತ್ತನಾಲ್ಕು. ಎಲ್ಲಾರೂ ನೋಡ್ಕೊಳ್ಳಿ. ಸೈಜು ಅಂದ್ರೆ ಇದು, ಈ ಕೆಳಗಿನ ಸುತ್ತಳತೆ. ನೀವು ಮಾಡ್ತಿರೋ ತಪ್ಪೇನು ಅಂದ್ರೆ, ದರ್ಜಿಯವರು ಹೇಳೋ ಎದೆ ಅಳತೇನೇ ಬ್ರಾ ಸೈಜು ಅಂತ ಕೊಡ್ತಿದೀರಿ. ಎಲ್ಲಾರಿಗೂ ದೊಡ್ಡದಾಗ್ತಿದೆ. ಹಿಂದೆ ಏರುತ್ತೆ, ಪಟ್ಟಿ ಜಾರುತ್ತೆ.” ಕಣ್ಣಳತೆಯಮ್ಮನ ಮುಖ ಬಿಸಿಯಾಯಿತು. ಇಡೀ ಬೀದಿಯ ಹೆಂಗಸರು ಭುಜದ ಪಟ್ಟಿ ಎಳೆದುಕೊಂಡು ಓಡಾಡುವುದು ತನ್ನ ಕೃಪೆ. ಕಣ್ಣು ಸರಿಯಾಗಿಯೇ ಅಳೆದಿತ್ತು, ಅಳೆಯಬಾರದ ಜಾಗವನ್ನು.

“ಈಗ ಮೇಲಿನ ಸುತ್ತಳತೆ. ಇದರಲ್ಲಿ ಕೆಳಗಿನದು ಕಳೀಬೇಕು. ಒಂದಿಂಚು ಉಳಿದ್ರೆ ಕಪ್ ಸೈಜು ಎ, ಎರಡು ಉಳಿದ್ರೆ ಬಿ, ಮೂರು ಸಿ, ನಾಲ್ಕು ಡಿ” ಎನ್ನುತ್ತಾ ಮೇಡಂ ಟೇಪನ್ನು ಮೇಲೆ ತಂದಳು. ಕೈ ಎಡಗಡೆಗೆ ಬಂತು. ಸಾಸಿವೆ ಸರ್ ಎಂದಿತು.

ಕೈ ನಿಂತಿತು.

ಮುಗಿಯಿತು, ಈಗ ಕೇಳುತ್ತಾಳೆ. ಇಲ್ಲ, ಅಯ್ಯೋ ಅನ್ನುತ್ತಾಳೆ. ಎದುರಿನ ಇಬ್ಬರು ಹುಡುಗಿಯರ ನಾಲ್ಕು ಕಣ್ಣೂ ತನ್ನ ಎದೆಯ ಮೇಲೆಯೇ ನೆಟ್ಟಿವೆ. ಗೋದಾಮಿನ ಟ್ಯೂಬ್‌ಲೈಟು, ಗೋಣಿಯ ವಾಸನೆ, ಎಲ್ಲ ಒಮ್ಮೆಗೇ ಕಣ್ಮುಂದೆ ಬಂತು.

ಮೇಡಂ ಟೇಪನ್ನು ತೆಗೆದಳು. ಅವಳ ಬೆನ್ನುಮೂಳೆಯ ಮೇಲೆ ಬೆರಳಿಟ್ಟಳು. “ಇನ್ನೊಂದು ವಿಷಯ” ಎಂದಳು ಹುಡುಗಿಯರಿಗೆ, ಅದೇ ಗಟ್ಟಿ ದನಿಯಲ್ಲಿ. “ಯಾವ ಹೆಂಗಸಿಗೂ ಎರಡು ಕಡೆ ಒಂದೇ ಥರ ಇರಲ್ಲ. ಹೆಚ್ಚು ಕಮ್ಮಿ ಇದ್ದೇ ಇರುತ್ತೆ. ಆವಾಗ ದೊಡ್ಡ ಕಡೆ ಅರ್ಧ ಅಳೆದು ಎರಡರಷ್ಟು ಮಾಡಿ.” ಟೇಪು ಬಲಗಡೆಯಿಂದ ಸುತ್ತಿ ಬಂದು ನಡುಮೂಳೆ ಮುಟ್ಟಿತು. “ಹತ್ತೊಂಬತ್ತು. ಎಷ್ಟಾಯ್ತು?”

“ಮೂವತ್ತೆಂಟು” ಎಂದರು ಹುಡುಗಿಯರು.

“ಮೂವತ್ತನಾಲ್ಕು ಕಳೆದರೆ ನಾಲ್ಕು. ಮೂವತ್ತನಾಲ್ಕು ಡಿ. ಗೊತ್ತಾಯ್ತಾ? ಮುಂದಿನವರು ಯಾರೂ ಬೇಡ, ಸಾಕು.”

ಹೊರಡುವಾಗ ಮೇಡಂ ಟೇಪನ್ನು ಸುರುಳಿ ಸುತ್ತಿ ಕಣ್ಣಳತೆಯಮ್ಮನ ಕೈಗೆ ಕೊಟ್ಟಳು. “ಕಾಳು ತುಂಬಿದ್ರೆ ಆಗಾಗ ಬಿಸಿಲಿಗೆ ಹಾಕಿ. ಹುಳ ಬೀಳುತ್ತೆ” ಎಂದಳು ಮೆಲ್ಲಗೆ. ಅಷ್ಟೇ. ಪಾಪ ಅನ್ನಲಿಲ್ಲ.

ಸಂಜೆ ಟ್ರಯಲ್ ರೂಮಿನಲ್ಲಿ ಕಣ್ಣಳತೆಯಮ್ಮ ಮೂವತ್ತನಾಲ್ಕು ಡಿ ಹಾಕಿ ನೋಡಿದಳು. ಕೆಳಪಟ್ಟಿ ಮೈಗೆ ಕಚ್ಚಿ ಕೂತಿತು. ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಚೀಲ ಇದ್ದಲ್ಲೇ ಇತ್ತು. ಎಷ್ಟು ವರ್ಷ ಎದೆ ಒತ್ತಿಕೊಂಡು ಸತ್ತೆನಲ್ಲ, ಬರೀ ಸೈಜು ತಪ್ಪಿದ್ದಕ್ಕೆ! ಕನ್ನಡಿಯ ಮುಂದೆ ಕೂತು ಅತ್ತಳು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾಳೆ ಶುಕ್ರವಾರ ಅನ್ನುವುದು ನೆನಪಾಯಿತು. ಆ ಶಾಲಿನವಳು ನಾಳೆ ಬೋರ್ಡಿನ ಮುಂದೆ ಕೈ ಎತ್ತಬೇಕು. ಹೆಚ್ಚು ಕಮ್ಮಿ ಇದ್ದೇ ಇರುತ್ತೆ ಎಂದು ಆ ಮೇಡಂ ಒಂದು ಮಾತಿನಲ್ಲಿ ತನ್ನನ್ನು ಬದುಕಿಸಿದಳು. ತಾನು? ಸೈಜಿಲ್ಲ ಅಂದಿದ್ದಳು.

ಕಿಟಕಿಗೆ ಓಡಿದಳು. ಬಸ್ ಸ್ಟಾಪಿನಲ್ಲಿ ಜನ ತುಂಬಿತ್ತು. ಶಾಲು ಕಾಣಲಿಲ್ಲ. ಹೋಗಿಬಿಟ್ಟಳಾ? ದಪ್ಪ ಗಂಡಸೊಬ್ಬ ಪಕ್ಕಕ್ಕೆ ಸರಿದಾಗ ಕಂಡಿತು, ಅದೇ ಶಾಲು, ಅದೇ ಚೀಲ. ಬಸ್ಸು ತಿರುವಿನಲ್ಲಿ ಬರುತ್ತಿತ್ತು. ಕಣ್ಣಳತೆಯಮ್ಮ ಟೇಪನ್ನು ಕುತ್ತಿಗೆಗೆ ಹಾಕಿಕೊಂಡವಳೇ ಮೆಟ್ಟಿಲು ಇಳಿದು, ಹಾರ್ನು, ಬೈಗುಳ ಎರಡನ್ನೂ ಲೆಕ್ಕಿಸದೆ ರಸ್ತೆ ದಾಟಿದಳು.

“ಟೀಚರಮ್ಮ! ಹತ್ಬೇಡಿ. ನಿಮ್ಮ ಸೈಜಿದೆ.”

ಆ ಹೆಂಗಸು ಹಿಂದಕ್ಕೆ ಸರಿದಳು. “ಅವತ್ತು ಇಲ್ಲ ಅಂದ್ರಿ.”

“ಅವತ್ತು ನಾನು ಸುಳ್ಳು ಹೇಳ್ದೆ. ಬನ್ನಿ.”

ಟ್ರಯಲ್ ರೂಮಿನೊಳಗೆ ಆ ಹೆಂಗಸು ಶಾಲು ಬಿಗಿಹಿಡಿದು ನಿಂತಳು, ಬಿಚ್ಚಲಿಲ್ಲ. “ನನಗೆ ಒಂದು ಕಡೆ...” ಎಂದಳು. “ನೀವು ಹೆದರ್ಬಾರದು.”

ಕಣ್ಣಳತೆಯಮ್ಮ ಕೋಟಿನ ಗುಂಡಿ ಬಿಚ್ಚಿ, ಒಳಗೆ ಕೈ ಹಾಕಿ, ಚೀಲವನ್ನು ತೆಗೆದು ಆ ಹೆಂಗಸಿನ ಅಂಗೈ ಮೇಲಿಟ್ಟಳು. ಇನ್ನೂ ಬೆಚ್ಚಗಿತ್ತು.

“ಏನಿದು?”

“ಸಾಸಿವೆ. ನಮ್ಮ ಮನೆಯವರು ಹೊಲಿದದ್ದು. ಬಸ್ ಸೀಟಿನ ದಾರ, ಹರಿಯಲ್ಲ.”

ಆ ಹೆಂಗಸು ಚೀಲವನ್ನು ನೋಡಿದಳು, ಇವಳ ಎದೆಯನ್ನು ನೋಡಿದಳು. ಶಾಲು ತಾನಾಗಿ ಜಾರಿತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಇವಳೂ ಮಾಡಿದಳು. ಆಮೇಲೆ ಟೇಪು ತೆಗೆದು ಅಳೆದಳು, ಕಣ್ಣಿನಿಂದಲ್ಲ. ಕೆಳಗೆ ಮೂವತ್ತೆರಡು. ಎಡಗಡೆ ಅರ್ಧ ಹದಿನೇಳು, ಎರಡರಷ್ಟು ಮೂವತ್ತನಾಲ್ಕು. ಮೂವತ್ತೆರಡು ಬಿ. ಚೀಲ ಅವಳಿಗೆ ಭಾರವಾಯಿತು. ಹಲ್ಲಿನಿಂದ ಹೊಲಿಗೆ ಬಿಚ್ಚಿ, ಎರಡು ಹಿಡಿ ಸಾಸಿವೆಯನ್ನು ಕೋಟಿನ ಜೇಬಿಗೆ ಸುರಿದುಕೊಂಡು, ಪಿನ್ನು ಚುಚ್ಚಿ ಬಾಯಿ ಕಟ್ಟಿದಳು.

“ನಾಳೆಗೆ ಇದನ್ನೇ ಇಟ್ಕೊಳ್ಳಿ. ಭಾನುವಾರದೊಳಗೆ ನಿಮಗೆ ಬೇರೆ ಹೊಲಿಸಿ ಕೊಡ್ತೀನಿ.”

“ಮತ್ತೆ ನೀವು?”

“ನಾನಾ?” ಕಣ್ಣಳತೆಯಮ್ಮ ತನ್ನ ಎಡಗಡೆ ನೋಡಿಕೊಂಡಳು. ಖಾಲಿ ಬಟ್ಟೆ ಮಡಿಕೆಯಾಗಿ ಬಿದ್ದಿತ್ತು. ಕೈ ಮುಚ್ಚಿಕೊಳ್ಳಲು ಎದ್ದಿತು. ಮೂವತ್ತೆರಡರ ಬಿ ಅಂಗಡಿಯಲ್ಲಿ ಇರುವುದು ಒಂದೇ ಕಡೆ, ಏಣಿ ಹತ್ತಿದರೆ ಸಿಗುವ ಮೇಲಿನ ಕಪಾಟಿನಲ್ಲಿ. ಹೊರಗೆ ಗಿರಾಕಿಗಳ ಸದ್ದು. ಯಜಮಾನರ ಕೆಮ್ಮು ಕೂಡ ಕೇಳಿಸುತ್ತಿತ್ತು. “ನೀವು ಇಲ್ಲೇ ಇರಿ. ಚಿಲಕ ಹಾಕ್ಕೊಳ್ಳಿ. ತರ್ತೀನಿ.”

ಬಾಗಿಲು ತೆಗೆದು ಹೊರಗೆ ಬಂದಳು. ಮೊದಲು ಕಂಡದ್ದು ಗಿಣಿಗೆ. ಕೌಂಟರಿನ ಮುಂದೆ ನಿಂತಿದ್ದ ಇಬ್ಬರು ಹೆಂಗಸರು ತಿರುಗಿದರು. ಪರದೆಯ ಸಂದಿನಲ್ಲಿ ಯಜಮಾನರ ಮುಖ ಕಂಡಿತು; “ಎಡಗಡೆ...” ಎಂದು ಶುರುಮಾಡಿದ ಅವರ ಮಾತು ಅಲ್ಲಿಗೇ ನಿಂತಿತು. ನಾಳೆ ಗೋದಾಮೋ ಏನೋ, ನಾಳೆಯದು ನಾಳೆಗೆ.

“ಏನೇ ಮಿಕಿ ಮಿಕಿ ನೋಡ್ತೀಯ?” ಎಂದಳು ಗಿಣಿಗೆ. “ಏಣಿ ಹಿಡ್ಕೋ.”

ಗಿಣಿ ಏಣಿ ತಂದು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಕಣ್ಣಳತೆಯಮ್ಮ ಹತ್ತಿದಳು. ತುದಿಯ ಮೆಟ್ಟಿಲಲ್ಲಿ ನಿಂತು, ಎಲ್ಲರೂ ನೋಡುತ್ತಿರುವಾಗ, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಮೂವತ್ತೆರಡರ ಡಬ್ಬವನ್ನು ಇಳಿಸಿಕೊಂಡಳು.